ಚೆನ್ನೆಮಣೆಯೂ ಕೋಶಗಣಿತವೂ

ಪುತ್ತೂರು, ಸುಳ್ಯ, ಕಡಬ ಪ್ರಾಂತ್ಯಗಳ ಹಳೆಯ ಮನೆಗಳಲ್ಲಿ ಚೆನ್ನೆಮಣೆಯೆಂಬುದೊಂದು ಮರದ ಹಲಗೆಯುಂಟು. ಎರಡು ಸಾಲು, ಸಾಲಿಗೆ 7 ಗುಳಿ, ಗುಳಿಗೆ 4ರಂತೆ 56 ಕಾಯಿ. ಆಟಿ ತಿಂಗಳ ಜಡಿಮಳೆಯಲ್ಲಿ ಹೆಂಗಸರೂ ಮಕ್ಕಳೂ ಕಾಲ ಕಳೆಯುವ ವಿನೋದವೆಂದು ಪಂಡಿತವರ್ಗವು ಇದನ್ನು ಉಪೇಕ್ಷಿಸಿತು. ಪಾಠಶಾಲೆಯಲ್ಲಿ ಛಂದಃಪ್ರಸ್ತಾರವನ್ನು ಉರುಹೊಡೆಯುತ್ತಿದ್ದ ನಾನೂ ಆ ಉಪೇಕ್ಷೆಗೆ ಹೊರಗಾದವನಲ್ಲ.

ಪಾಶ್ಚಾತ್ಯರು ಸೆಲ್ಯುಲರ್ ಆಟೊಮೇಟವೆಂದು ಕರೆಯುವ ಶಾಸ್ತ್ರವನ್ನು ಕೋಶಗಣಿತವೆನ್ನೋಣ. ಅದರ ಸ್ವರೂಪವೆಂತೆಂದರೆ: ಚೌಕುಳಿ ಮನೆಗಳ ಒಂದು ಹಾಸು, ಪ್ರತಿಯೊಂದು ಮನೆಯೂ ತನ್ನ ನೆರೆಯ ಮನೆಗಳನ್ನು ಮಾತ್ರವೇ ನೋಡಿ, ಎಲ್ಲಕ್ಕೂ ಸಮಾನವಾದ ಒಂದು ನಿಯಮದಂತೆ ತನ್ನ ಮುಂದಿನ ಅವಸ್ಥೆಯನ್ನು ಹೊಂದುವುದು. 1940ರ ದಶಕದ ಕೊನೆಯಲ್ಲಿ ಉಲಾಮ್, ಫಾನ್ ನಾಯ್‌ಮನ್ ಎಂಬವರು ಇದನ್ನು ಆರಂಭಿಸಿದರು. 1970ರಲ್ಲಿ ಪ್ರಕಟವಾದ ಕಾನ್ವೇ ಎಂಬವರ 'ಜೀವನದಾಟ'ದಿಂದ ಇದು ಲೋಕವಿಖ್ಯಾತವಾಯಿತು. ಅದರಲ್ಲಿ 5 ಸಜೀವ ಮನೆಗಳ ಒಂದು ಆಕೃತಿಯು ರೂಪ ಬದಲಿಸುತ್ತ ನಾಲ್ಕನೆಯ ಹೆಜ್ಜೆಗೆ ಮೊದಲಿನ ರೂಪವನ್ನೇ ತಾಳಿ ಮೂಲೆಗೆ ಒಂದು ಮನೆ ಸರಿದಿರುವುದು. ಕ್ಸೆನಾಕಿಸ್ ಎಂಬ ಸಂಗೀತಕಾರರು 1986ರ ತಮ್ಮ 'ಹೋರೋಸ್' ಕೃತಿಯಲ್ಲಿ ಇಂತಹ ನಿಯಮಗಳಿಂದಲೇ ಸ್ವರಗಳನ್ನು ಪಡೆದರು.

ಈಗ ಮಣೆಗೆ ಬರೋಣ. ಮನೆಮನೆಗೂ ಭೇದಿಸುವ ಇತರ ಕಟ್ಟಳೆಗಳನ್ನು ಬದಿಗಿರಿಸಿ, ಕಾಯಿ ಬಿತ್ತುವ ಕ್ರಮವೊಂದನ್ನೇ ಗ್ರಹಿಸಬೇಕು. ಅನುಕ್ರಮವಾದ ಗುಳಿಗಳಲ್ಲಿ 4, 3, 2, 1 ಕಾಯಿಗಳಿರಲಿ, ಉಳಿದವು ಬರಿದಾಗಿರಲಿ. ಹಿಂದಿನ ಗುಳಿಯ 4ನ್ನೂ ಎತ್ತಿ ಮುಂದಣ ಗುಳಿಗಳಿಗೆ ಒಂದೊಂದಾಗಿ ಬಿತ್ತಿದರೆ ಮತ್ತೆ 4, 3, 2, 1 ಎಂದೇ ಆಗುವುದು; ಸಾಲು ಮಾತ್ರ ಒಂದು ಗುಳಿ ಮುಂದಕ್ಕೆ ನಡೆದಿರುವುದು. ಹೀಗೆ 14 ಬಾರಿ ಬಿತ್ತಿದರೆ ಅದು ಮಣೆಯನ್ನು ಸುತ್ತಿ ಸ್ವಸ್ಥಾನವನ್ನು ಸೇರುವುದು. ಒಂದು ಕಾಯಿಯನ್ನು ಕಳೆದು 4, 3, 2 ಎಂದಿಟ್ಟರೆ ವಿಚಿತ್ರವು ಮತ್ತಷ್ಟು: ಮೊದಲು 4, 3, 1, 1, ಬಳಿಕ 4, 2, 2, 1, ಆಮೇಲೆ 3, 3, 2, 1, ನಾಲ್ಕನೆಯ ಬಿತ್ತಿಗೆ ಪುನಃ 4, 3, 2. ಕಾನ್ವೇಯವರ ಆಕೃತಿಯಂತೆಯೇ ಇದೂ ವೇಷ ಮರೆಸಿಕೊಂಡು ನಡೆಯುವುದು.

ಆದರೆ ಇವೆರಡೂ ಒಂದೇ ಎನ್ನಲಾಗದು. ಕೋಶಗಣಿತದಲ್ಲಿ ಎಲ್ಲ ಮನೆಗಳೂ ಏಕಕಾಲದಲ್ಲಿ ಬದಲಾಗುವುವು. ಇಲ್ಲಿ ಕೈಯೊಂದು ಗುಳಿಯನ್ನು ಆರಿಸಬೇಕು. ಆರಿಸಿದ ಮೇಲೆ ಮಾತ್ರ ಫಲವು ನಿಶ್ಚಿತ. ಪಗಡೆಯಂತೆ ದಾಳವಿಲ್ಲದ ಕಾರಣ ಸೋತವರಿಗೆ ವಿಧಿಯನ್ನು ದೂರಲು ಆಸ್ಪದವಿಲ್ಲ. ಸಿರಿ ಪಾಡ್ದನದಲ್ಲಿ ಅಬ್ಬಗ, ದಾರಗರೆಂಬ ಅವಳಿ ಸೋದರಿಯರು ಈ ಮಣೆಯ ಮುಂದೆಯೇ ಕಲಹಿಸಿ ಅಳಿದುದಕ್ಕೂ, ಅಕ್ಕತಂಗಿಯರು ಚೆನ್ನೆಯಾಡಬಾರದೆಂಬ ನಂಬಿಕೆಗೂ ಇದೇ ಬೀಜವಿರಬಹುದೆಂದು ನನ್ನ ಊಹೆ.

ನಿಜವಾದ ಕೋಶಗಣಿತವು ಬೇಕೆನ್ನುವವರು ಪಿಂಗಲಸೂತ್ರಕ್ಕೆ ಹಲಾಯುಧನು 10ನೆಯ ಶತಮಾನದಲ್ಲಿ ಬರೆದ ವ್ಯಾಖ್ಯೆಯ ಮೇರುಪ್ರಸ್ತಾರವನ್ನು ನೋಡಲಿ. ಅಲ್ಲಿ ಪ್ರತಿಯೊಂದು ಅಂಕವೂ ಮೇಲಣ ಎರಡರ ಮೊತ್ತ. ಬೆಸಸಂಖ್ಯೆಗಳಿಗೆ ಮಸಿ ಬಳಿದು ಸರಿಸಂಖ್ಯೆಗಳನ್ನು ಬಿಳಿದಾಗಿ ಬಿಟ್ಟರೆ 1, 2, 4, 8ನೆಯ ಸಾಲುಗಳು ಪೂರ್ತಿ ಕಪ್ಪಾಗಿ, ನಡುವೆ ತ್ರಿಕೋನದೊಳಗೆ ತ್ರಿಕೋನಗಳು ಮೂಡುವುವು. 1980ರ ದಶಕದಲ್ಲಿ ವುಲ್ಫ್ರಮ್ ಎಂಬವರು 90ನೆಯದೆಂದು ಎಣಿಸಿದ ನಿಯಮದಿಂದ ಹುಟ್ಟುವ ಚಿತ್ರವೂ ಇದುವೇ. ಹಾಗಾದರೆ ಹಲಾಯುಧನಿಗೆ ಇದೆಲ್ಲವೂ ವಿದಿತವಿತ್ತೆ? ನಮ್ಮವರಲ್ಲಿ ಕೆಲವರು ಹಾಗೆ ಸಾಧಿಸಲು ಆತುರಪಡುವರು. ಅವನು ಎಣಿಸಹೊರಟದ್ದು ಲಘುಗುರುಗಳ ವೃತ್ತಭೇದಗಳನ್ನು. ಮಸಿಯನ್ನು ಬಳಿದವರು ನಾವು.