ತಗ್ಗಿನಲ್ಲಿ ಸಿರಿ, ದಿಣ್ಣೆಯಲ್ಲಿ ಚಳಿ

ಬೊಲಿವಿಯಾದ ಲಾ ಪಾಜ್‌ನಲ್ಲಿ ಮನೆ ಎಷ್ಟು ಎತ್ತರದಲ್ಲಿದೆ ಎಂದು ಕೇಳಿದರೆ ಮನೆಯವರ ಸ್ಥಿತಿಗತಿ ಅರ್ಧ ತಿಳಿದ ಹಾಗೆ. ನಮ್ಮ ಸಾಹುಕಾರರು ಬಂಗಲೆಗೆ ಗುಡ್ಡ ಹುಡುಕುತ್ತಾರೆ. ಅಲ್ಲಿಯವರು ಕಣಿವೆಯ ತಳ ಹಿಡಿದಿದ್ದಾರೆ. ತಗ್ಗಿನಲ್ಲಿ ಚಳಿ ಕಡಿಮೆ, ಉಸಿರು ಸಲೀಸು. ಮೇಲೆ, 4,000 ಮೀಟರ್ ದಾಟಿದ ಬಟಾಬಯಲಿನಲ್ಲಿ, ಮೂಲನಿವಾಸಿ ಐಮಾರಾ ಜನರ ಎಲ್ ಆಲ್ಟೊ ನಗರ.

ಬೆಳಗ್ಗೆ ಅಲ್ಲಿಂದ ಹಳದಿ ಕೇಬಲ್ ಕಾರು ಇಳಿಯುತ್ತದೆ. ಒಳಗೆ ಹೆಂಗಸರು: ನೆರಿಗೆ ನೆರಿಗೆಯ ದಪ್ಪ ಲಂಗ, ಬೆನ್ನ ಮೇಲೆ ಜೋಡಿ ಜಡೆ, ನೆತ್ತಿಯಲ್ಲಿ ಪುಟ್ಟ ಬೋಲರ್ ಟೋಪಿ; ಪಟ್ಟೆಪಟ್ಟೆಯ ಬಟ್ಟೆಯಲ್ಲಿ ಕಟ್ಟಿದ ಗಂಟು ಮಡಿಲಲ್ಲಿ. ಕಾಲ ಕೆಳಗೆ ಗಾರೆ ಕಾಣದ ಇಟ್ಟಿಗೆ ಗೋಡೆ, ತಗಡಿನ ಮಾಡು, ಮಂಡಿ ಸವೆಸುವ ಮೆಟ್ಟಿಲು. ಆಮೇಲೆ ಗಾಜಿನ ಕಟ್ಟಡಗಳು. ಹಳದಿ ಮಾರ್ಗದ ಕೊನೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಕಲಾಕೊಟೊ ಬಡಾವಣೆ: ಹುಲ್ಲುಹಾಸು, ಈಜುಕೊಳ, ಎತ್ತರದ ಕಾಂಪೌಂಡು. ಲಂಗದ ಹೆಂಗಸರು ಆ ಗೇಟುಗಳೊಳಗೆ ಹೋಗುವುದು ಹೆಚ್ಚಾಗಿ ಮನೆಗೆಲಸಕ್ಕೆ.

ಈ ಕೇಬಲ್ ಕಾರುಗಳು ಬಂದದ್ದು 2014ರಲ್ಲಿ. ಬಸ್ಸಿನ ತಿಣುಕಾಟ ತಪ್ಪಿತು, ನಿಜ. ಮೇಲಿನವರು ಕೆಳಗೆ ದುಡಿದು ಸಂಜೆ ಮೇಲಕ್ಕೇ ಮರಳುವುದು ಮಾತ್ರ ತಪ್ಪಲಿಲ್ಲ. ಈ ಅಂತರ ಹಳೆಯದು: 1952ರ ಕ್ರಾಂತಿಗೆ ಮುಂಚೆ ಮೂಲನಿವಾಸಿಗಳು ಅಧ್ಯಕ್ಷರ ಅರಮನೆ ಎದುರಿನ ಮುರಿಲ್ಯೊ ಚೌಕಕ್ಕೆ ಕಾಲಿಡುವಂತಿರಲಿಲ್ಲ. 1985ರಲ್ಲಿ ಸರ್ಕಾರ ಆರ್ಥಿಕ ನೀತಿ ಬದಲಿಸಿತು. ಅದರಿಂದ ತವರದ ಗಣಿಗಳಲ್ಲಿ ಕೆಲಸ ಹೋದವರು ಸಾವಿರಗಟ್ಟಲೆ ಎಲ್ ಆಲ್ಟೊ ಸೇರಿದರು.

ದಿಣ್ಣೆಯವರಿಗೆ ಒಂದು ಅನುಕೂಲ ಇದೆ: ಲಾ ಪಾಜ್‌ಗೆ ಬರುವ ದಾರಿ ಅವರ ಕೈಲಿ. 1781ರಲ್ಲಿ ಸ್ಪೇನಿನ ಆಳ್ವಿಕೆ ವಿರುದ್ಧ ದಂಗೆಯೆದ್ದ ಟುಪಾಕ್ ಕಟಾರಿಯ ಐಮಾರಾ ಪಡೆ ಲಾ ಪಾಜ್‌ಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿತ್ತು. 2003ರ ಅಕ್ಟೋಬರಿನಲ್ಲಿ ಅನಿಲ ರಫ್ತಿನ ವಿರುದ್ಧ ಎಲ್ ಆಲ್ಟೊ ರಸ್ತೆ ತಡೆಯಿತು. ಗುಂಡೇಟಿಗೆ ಹತ್ತಾರು ಜನ ಸತ್ತರು, ಅಧ್ಯಕ್ಷ ಸಾಂಚೆಸ್ ದೆ ಲೊಸಾದ ದೇಶ ಬಿಟ್ಟ.

ಈಗ ಎಲ್ ಆಲ್ಟೊದ ಇಟ್ಟಿಗೆ ಬಣ್ಣದ ನಡುವೆ ಅಲ್ಲಲ್ಲಿ ಕಿತ್ತಳೆ, ಕಡುಹಸಿರು ಬಳಿದ ಭರ್ಜರಿ ಮಹಡಿಮನೆಗಳು. ಗಾರೆಕೆಲಸದಿಂದ ಮೇಲೆ ಬಂದ ಐಮಾರಾ ಕಟ್ಟಡಗಾರ ಫ್ರೆಡ್ಡಿ ಮಮಾನಿ ಹಾಕಿಕೊಟ್ಟ ಶೈಲಿ. ಕೆಳಗೆ ಅಂಗಡಿ ಮಳಿಗೆ, ಅದರ ಮೇಲೆ ತೂಗುದೀಪಗಳ ಮದುವೆ ಹಾಲ್, ಆಮೇಲೆ ಬಾಡಿಗೆ ಮನೆ, ತುತ್ತತುದಿಯಲ್ಲಿ ಮಾಲೀಕರ ಸಂಸಾರ. ವ್ಯಾಪಾರದಲ್ಲಿ ಕಾಸು ಕಂಡ ಐಮಾರಾ ಕುಟುಂಬಗಳಿವು. ಕಲಾಕೊಟೊದಲ್ಲೂ ಮನೆ ಕೊಳ್ಳಬಲ್ಲರು. ಆದರೆ ನೆಂಟರು, ಗಿರಾಕಿಗಳು, ಹಬ್ಬದ ಕುಣಿತ ಎಲ್ಲ ಇಲ್ಲೇ ಇರುವಾಗ ಆ ತಗ್ಗಿಗಿಳಿದು ಯಾರ ಪಕ್ಕದಲ್ಲಿ ಕೂರುವುದು?