ಹೇಳಿದಳೋ, ಹೇಳುತ್ತಿದ್ದಳೋ?

ಬೋಡಕ್‌ದೇವ್‌ನ ನಮ್ಮ ಮನೆಯಲ್ಲಿ ಕೂತು ಸ್ಪ್ಯಾನಿಷ್ ಕಲಿಯತೊಡಗಿದಾಗ ಮೊದಲು ಬರೆದದ್ದು ತೀರಿಹೋದ ಅಜ್ಜಿಯ ಬಗ್ಗೆ. ‘ಕಥೆ ಹೇಳಿದಳು, ಹೂ ಕಟ್ಟಿದಳು’ ಅಂತ ಒಂದು ಪುಟ. ಓದಿ ನೋಡಿದರೆ ಅಜ್ಜಿ ಒಂದೇ ದಿನ ಬದುಕಿದ್ದಳೇನೋ ಅನ್ನಿಸಿತು! ಬೇಕಾಗಿದ್ದದ್ದು ‘ಹೇಳುತ್ತಿದ್ದಳು’. ಅದನ್ನು ವ್ಯಾಕರಣದವರು ಅಪೂರ್ಣ ಭೂತಕಾಲ ಅಂತಾರೆ.

ರೂಪ ಕಟ್ಟುವುದು ಸುಲಭ. ‘ಆರ್’ ಎಂದು ಮುಗಿಯುವ ಧಾತುವಿಗೆ ‘ಆಬಾ’ ಬರುತ್ತದೆ, ‘ಏರ್’, ‘ಈರ್’ ಎಂದು ಮುಗಿಯುವುದಕ್ಕೆ ‘ಈಯಾ’. ಮಾತಾಡು ಎಂಬ ಆಬ್ಲಾರ್ ಆಬ್ಲಾಬಾ ಆಗುತ್ತದೆ. ತಿನ್ನು ಎಂಬ ಕೊಮೇರ್ ಕೊಮೀಯಾ. ನಿಯಮ ಮೀರುವವು ಮೂರೇ: ಇರು, ಹೋಗು, ನೋಡು, ಕ್ರಮವಾಗಿ ಏರಾ, ಈಬಾ, ವೇಈಯಾ. ಒಂದು ಎಚ್ಚರ: ಆಬ್ಲಾಬಾ ಅಂದರೆ ‘ಮಾತಾಡುತ್ತಿದ್ದೆ’ಯೂ ಹೌದು, ‘ಮಾತಾಡುತ್ತಿದ್ದಳು’ ಕೂಡ ಹೌದು. ಸಂದರ್ಭ ನೋಡಿ ತಿಳಿಯಬೇಕು.

ಬಳಕೆಗೆ ಈ ಊರಿನದೇ ಉದಾಹರಣೆ ಇದೆ. ಫಾದರ್ ಕಾರ್ಲೋಸ್ ವಾಲೆಸ್ 1925ರಲ್ಲಿ ಸ್ಪೇನಿನಲ್ಲಿ ಹುಟ್ಟಿದವರು. ಅಹಮದಾಬಾದಿನ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಗುಜರಾತಿಯಲ್ಲಿ ಹತ್ತಾರು ಪುಸ್ತಕ ಬರೆದ ಲೇಖಕರು. 2020ರಲ್ಲಿ ತೀರಿಕೊಂಡರು. ‘1949ರಲ್ಲಿ ಭಾರತಕ್ಕೆ ಬಂದರು’ ಎನ್ನುವುದು ಆಗಿ ಮುಗಿದ ಸಂಗತಿ, ಅದಕ್ಕೆ ಯೆಗೋ. ‘ಗಣಿತ ಕಲಿಸುತ್ತಿದ್ದರು, ಬರೆಯುತ್ತಿದ್ದರು’ ಎನ್ನಲು ಎನ್ಸೆನ್ಯಾಬಾ, ಎಸ್ಕ್ರಿಬೀಯಾ. ಇಲ್ಲಿಯ ಜನ ಅದನ್ನೇ ‘ಲಖತಾ ಹತಾ’ ಅಂತಾರೆ. ಆದರೆ ‘ಅನೇಕ ವರ್ಷ ಕಲಿಸಿದರು’ ಅಂದಾಗ ಮತ್ತೆ ಎನ್ಸೆನ್ಯೋ. ಕಾಲ ಎಷ್ಟು ಉದ್ದ ಅನ್ನೋದು ಲೆಕ್ಕಕ್ಕಿಲ್ಲ. ಅದರ ಕೊನೆಯನ್ನು ಹೇಳುತ್ತಿದ್ದೇವೋ ಇಲ್ಲವೋ, ಅದನ್ನು ನೋಡಬೇಕು.

ಹಾಗಾದರೆ ‘ತ್ತಿದ್ದ’ ಕಂಡಲ್ಲೆಲ್ಲ ಆಬಾ, ಈಯಾ ಹಾಕಿದರೆ ಸಾಕೇ? ಸಾಲದು. ನಾನು ಎಡವಿದ್ದೇ ‘ತ್ತಿದ್ದ’ ಇಲ್ಲದ ಕಡೆ. ‘ಮನೆ ದೊಡ್ಡದಾಗಿತ್ತು’, ‘ನನಗೆ ಆಗ ಎಂಟು ವರ್ಷ’, ‘ಗೊತ್ತಿತ್ತು’: ಇವೆಲ್ಲ ಇದ್ದ ಸ್ಥಿತಿಗಳು. ಸ್ಪ್ಯಾನಿಷ್‌ನಲ್ಲಿ ಇವಕ್ಕೂ ಅಪೂರ್ಣವೇ: ಏರಾ, ತೆನೀಯಾ, ಸಬೀಯಾ. ‘ಗೊತ್ತಿತ್ತು’ ಎನ್ನಲು ನಾನು ಪೂರ್ಣ ರೂಪದ ಸೂಪೆ ಬರೆದಿದ್ದೆ. ಅದರರ್ಥ ‘ಗೊತ್ತಾಯಿತು’! ನೋಡಿ, ‘ಗೊತ್ತಿತ್ತು’, ‘ಗೊತ್ತಾಯಿತು’ ಎಂಬ ಭೇದವನ್ನು ಕನ್ನಡದಲ್ಲಿ ನಾವು ಎಳೆಯ ವಯಸ್ಸಿನಿಂದಲೇ ತಪ್ಪದೆ ಆಡುತ್ತೇವೆ. ಹಾಗಾಗಿ ಬರೆಯುವ ಮುಂಚೆ ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಕನ್ನಡದಲ್ಲಿ ಅಂದುಕೊಳ್ಳಿ: ಇದು ಆದದ್ದೋ, ಆಗುತ್ತಿದ್ದದ್ದೋ, ಇದ್ದದ್ದೋ? ಮೊದಲನೆಯದಕ್ಕೆ ಪೂರ್ಣ, ಉಳಿದೆರಡಕ್ಕೆ ಅಪೂರ್ಣ.

ಅಜ್ಜಿಯ ಪುಟವನ್ನು ಮತ್ತೆ ಬರೆದೆ. ‘ತೀರಿಕೊಂಡಳು’ ಅನ್ನುವುದೊಂದು ಮಾತ್ರ ಪೂರ್ಣದಲ್ಲಿ ಉಳಿಯಿತು. ಮಿಕ್ಕಿದ್ದೆಲ್ಲ ‘ಆಬಾ’, ‘ಈಯಾ’.