ಹಿಮದ ಬೀದಿ, ಬಿಳಿಯ ಬ್ಯಾಡ್ಜು

ಜ್ಯೂರಿಕ್ ಕಡೆಯಿಂದ ಬರುವವರು ಲಾಂಡ್‌ಕ್ವಾರ್ಟ್ ನಿಲ್ದಾಣದಲ್ಲಿ ದೊಡ್ಡ ರೈಲು ಬಿಟ್ಟು ಕೆಂಪು ಬಣ್ಣದ ಮೀಟರ್‌ಗೇಜ್ ರೈಲು ಹತ್ತುತ್ತಾರೆ. ಅಲ್ಲಿಂದ ಮುಂದೆ ಏರುದಾರಿಯೇ. ಕಣಿವೆಯ ತಳದಲ್ಲಿ ಹೊಳೆ, ಇಳಿಜಾರಿನಲ್ಲಿ ಮರದ ಮನೆಗಳು, ಅವುಗಳ ಮಾಡಿನ ಮೇಲೆ ಮೊಳದುದ್ದದ ಹಿಮ. ಕ್ಲೋಸ್ಟರ್ಸ್ ದಾಟಿದ ಮೇಲೆ ಸೂಚಿಪರ್ಣದ ಮರಗಳು ದಟ್ಟವಾಗಿ ಹಳಿಯ ಎರಡೂ ಬದಿ ಒತ್ತಿ ನಿಲ್ಲುತ್ತವೆ. ಕಾಡು ಮುಗಿದದ್ದೇ ತಡ, ಬಯಲು ತೆರೆದುಕೊಳ್ಳುತ್ತದೆ. ಹೆಪ್ಪುಗಟ್ಟಿದ ಒಂದು ಸರೋವರ, ಅದರಾಚೆ ಉದ್ದಕ್ಕೆ ಹಬ್ಬಿದ ಊರು. ಅದೇ ದಾವೋಸ್. ಸಮುದ್ರಮಟ್ಟದಿಂದ 1,560 ಮೀಟರ್ ಎತ್ತರದಲ್ಲಿ, ಸ್ವಿಟ್ಜರ್‌ಲೆಂಡಿನ ಪೂರ್ವದ ಮೂಲೆಯಲ್ಲಿ, ಸುಮಾರು ಹನ್ನೊಂದು ಸಾವಿರ ಜನ ಬಾಳುವ ಊರು. ಜನವರಿಯ ಕೆಲವು ದಿನಗಳಲ್ಲಿ ಮಾತ್ರ ಜಗತ್ತಿನ ಅಧಿಕಾರ ಮತ್ತು ಹಣದ ಬಹುಪಾಲು ಇಲ್ಲಿನ ಒಂದು ಬೀದಿಯಲ್ಲಿ ನಡೆದಾಡುತ್ತಿರುತ್ತದೆ.

ಆ ಬೀದಿಯ ಹೆಸರು ಪ್ರೊಮನಾಡ್. ಉಳಿದ ದಿನಗಳಲ್ಲಿ ಸ್ಕೀ ಬೂಟು, ಉಣ್ಣೆಯ ಟೋಪಿ, ಚಾಕೊಲೇಟು, ಬ್ರೆಡ್ಡು ಮಾರುವ ಅಂಗಡಿಗಳಿರುವ ಸಾಧಾರಣ ಪೇಟೆಬೀದಿ. ವಿಶ್ವ ಆರ್ಥಿಕ ವೇದಿಕೆಯ ವಾರ್ಷಿಕ ಸಭೆ ಹತ್ತಿರ ಬಂತೆಂದರೆ ಎಷ್ಟೋ ಅಂಗಡಿಗಳು ಸರಕನ್ನೆಲ್ಲ ಖಾಲಿ ಮಾಡಿ ಜಾಗವನ್ನು ಬಾಡಿಗೆಗೆ ಬಿಡುತ್ತವೆ. ಕಂಪ್ಯೂಟರ್ ಕಂಪನಿಗಳು, ಬ್ಯಾಂಕುಗಳು, ಕೊಲ್ಲಿಯ ರಾಷ್ಟ್ರಗಳು, ನಮ್ಮ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಂಥ ರಾಜ್ಯಗಳು ಅಲ್ಲಿ ಫಲಕ ತೂಗುಹಾಕುತ್ತವೆ. ಕರಿ ಕೋಟಿನ ಕೆಳಗೆ ಹಿಮದ ಬೂಟು ತೊಟ್ಟ ಗಂಡಸರು, ಕೈಚೀಲದಲ್ಲಿ ಸಭೆಯ ಬೂಟನ್ನು ಬೇರೆಯಾಗಿ ಹೊತ್ತ ಹೆಂಗಸರು ಜಾರುವ ಕಾಲುದಾರಿಯಲ್ಲಿ ಹುಷಾರಾಗಿ ಹೆಜ್ಜೆ ಇಡುತ್ತಾರೆ. ಕರಿ ವ್ಯಾನುಗಳ ಸಾಲು ಕದಲುವುದೇ ಇಲ್ಲ. ನಡೆದು ಹೋಗುವವರೇ ಬೇಗ ಮುಟ್ಟುತ್ತಾರೆ. ತಲೆಯ ಮೇಲೆ ಹೆಲಿಕಾಪ್ಟರಿನ ಸದ್ದು, ಹೋಟೆಲಿನ ಚಪ್ಪಟೆ ಮಾಡಿನ ಮೇಲೆ ಬಂದೂಕು ಹಿಡಿದ ಕಾವಲಿನವರು. ಈ ಸಭೆಯ ಭದ್ರತೆಗೆಂದು 5,000ದವರೆಗೆ ಸೈನಿಕರನ್ನು ನಿಯೋಜಿಸಲು ಸ್ವಿಸ್ ಸಂಸತ್ತು ಅನುಮತಿ ಕೊಟ್ಟಿದೆ. ಊರಿನ ಇಬ್ಬರು ನಿವಾಸಿಗಳಿಗೆ ಸರಿಸುಮಾರು ಒಬ್ಬ ಸೈನಿಕ.

ಇಷ್ಟು ದೊಡ್ಡ ಸಭೆ ಈ ಗುಡ್ಡದ ಮೇಲಿನ ಊರಿಗೆ ಏಕೆ ಬಂತು? ಉತ್ತರ ಕ್ಷಯರೋಗದ ಚರಿತ್ರೆಯಲ್ಲಿದೆ. 1853ರಲ್ಲಿ ಇಲ್ಲಿಗೆ ಬಂದ ಜರ್ಮನ್ ವೈದ್ಯ ಅಲೆಕ್ಸಾಂಡರ್ ಸ್ಪೆಂಗ್ಲರ್ ಈ ಕಣಿವೆಯ ಜನರಲ್ಲಿ ಕ್ಷಯ ಕಾಣದಿರುವುದನ್ನು ಗಮನಿಸಿದ. ಸ್ವತಃ ಆತ ರಾಜಕೀಯ ನಿರಾಶ್ರಿತ, 1848ರ ಕ್ರಾಂತಿ ಸೋತಾಗ ದೇಶ ಬಿಟ್ಟವನು. ಒಣ ಗಾಳಿ, ಚಳಿಗಾಲದ ಬಿಸಿಲು, ಎತ್ತರ ಇವೇ ಮದ್ದು ಎಂಬ ನಂಬಿಕೆ ಹರಡಿ ಯುರೋಪಿನ ಸಿರಿವಂತ ರೋಗಿಗಳು ಬಂದರು. 1890ರಲ್ಲಿ ರೈಲೂ ಬಂತು. ದಕ್ಷಿಣಕ್ಕೆ ಮುಖ ಮಾಡಿದ ಉದ್ದನೆಯ ಬಾಲ್ಕನಿಗಳಲ್ಲಿ ಕಂಬಳಿ ಹೊದ್ದ ರೋಗಿಗಳು ಗಂಟೆಗಟ್ಟಲೆ ಮಲಗಿ ಬಿಸಿಲು ಕಾಯುತ್ತಿದ್ದರು. 1912ರಲ್ಲಿ ಇಲ್ಲಿದ್ದ ಹೆಂಡತಿಯನ್ನು ನೋಡಲು ಬಂದ ಥಾಮಸ್ ಮಾನ್ ಕೆಲವೇ ವಾರ ಉಳಿದು, 1924ರಲ್ಲಿ ‘ಮ್ಯಾಜಿಕ್ ಮೌಂಟನ್’ ಎಂಬ ದೊಡ್ಡ ಕಾದಂಬರಿಯನ್ನೇ ಕೊಟ್ಟ. 1928ರಲ್ಲಿ ಐನ್‌ಸ್ಟೈನ್ ಇಲ್ಲಿ ಉಪನ್ಯಾಸ ಕೊಟ್ಟರು. ಮರುವರ್ಷ ಹೈಡೆಗರ್ ಮತ್ತು ಕಸ್ಸಿರರ್ ನಡುವೆ ತತ್ತ್ವಶಾಸ್ತ್ರದ ಹೆಸರಾಂತ ವಾಗ್ವಾದವಾಯಿತು. ಆಮೇಲೆ ಕ್ಷಯಕ್ಕೆ ಔಷಧಿ ಸಿಕ್ಕಿತು, ಆರೋಗ್ಯಧಾಮಗಳು ಬರಿದಾದವು. ಊರು ಬದುಕಲು ಬೇರೆ ದಾರಿ ಹುಡುಕಬೇಕಾಯಿತು. ಆರೋಗ್ಯಧಾಮಗಳು ಹೋಟೆಲುಗಳಾದವು, 1969ರಲ್ಲಿ ಸಭಾಭವನವೊಂದು ತೆರೆಯಿತು. ರೋಗಿಗಳಿಗಾಗಿ ಕಟ್ಟಿದ ಕೋಣೆಗಳಲ್ಲಿ ಇಂದು ಮಂತ್ರಿಗಳೂ ಕಂಪನಿಗಳ ಮುಖ್ಯಸ್ಥರೂ ಮಲಗುತ್ತಾರೆ.

ಆ ಸಭಾಭವನಕ್ಕೆ 1971ರಲ್ಲಿ ಕ್ಲಾಸ್ ಶ್ವಾಬ್ ಎಂಬ ಮೂವತ್ತೆರಡು ವರ್ಷದ ಪ್ರಾಧ್ಯಾಪಕ ಯುರೋಪಿನ ಸುಮಾರು 450 ಮಂದಿ ಉದ್ಯಮದ ಅಧಿಕಾರಿಗಳನ್ನು ಕರೆತಂದರು. ಅಮೆರಿಕದ ಆಡಳಿತಕ್ರಮವನ್ನು ಯುರೋಪಿನ ಕಂಪನಿಗಳಿಗೆ ಕಲಿಸುವುದು ಆಗಿನ ಉದ್ದೇಶ. ಸಂಸ್ಥೆಯ ಹೆಸರು ಯುರೋಪಿಯನ್ ಮ್ಯಾನೇಜ್‌ಮೆಂಟ್ ಫೋರಂ. 1974ರಲ್ಲಿ ಮೊದಲ ಬಾರಿಗೆ ರಾಜಕೀಯ ನಾಯಕರಿಗೂ ಕರೆ ಹೋಯಿತು. 1976ರಲ್ಲಿ ಸದಸ್ಯತ್ವದ ಪದ್ಧತಿ ಬಂತು: ಜಗತ್ತಿನ ಮುಂಚೂಣಿಯ ಸಾವಿರ ಕಂಪನಿಗಳಿಗೆ ಮಾತ್ರ. 1987ರಲ್ಲಿ ಹೆಸರು ವರ್ಲ್ಡ್ ಎಕನಾಮಿಕ್ ಫೋರಂ, ಅಂದರೆ ವಿಶ್ವ ಆರ್ಥಿಕ ವೇದಿಕೆ, ಎಂದಾಯಿತು. ಕೇಂದ್ರ ಕಚೇರಿ ಜಿನೀವಾ ಸರೋವರದ ದಂಡೆಯ ಕೊಲೊನ್ಯಿಯಲ್ಲಿದೆ.

ಸದಸ್ಯತ್ವ ಅನ್ನುವುದನ್ನು ಇಲ್ಲಿ ಸರಿಯಾಗಿ ನೋಡಬೇಕು, ಏಕೆಂದರೆ ಇಡೀ ವ್ಯವಸ್ಥೆಯ ಬೇರು ಅದರಲ್ಲಿದೆ. ದಾವೋಸ್‌ನ ಬಾಗಿಲು ತೆರೆಯುವ ಸದಸ್ಯತ್ವವನ್ನು ವ್ಯಕ್ತಿಯೊಬ್ಬ ಅರ್ಜಿ ಹಾಕಿ ಪಡೆಯಲಾರ. ಅದು ಕಂಪನಿಗಳದು. ಹಂತಕ್ಕೆ ತಕ್ಕಂತೆ ವರ್ಷದ ಚಂದಾ ಹತ್ತಾರು ಸಾವಿರ ಸ್ವಿಸ್ ಫ್ರಾಂಕಿನಿಂದ ಹಲವು ಲಕ್ಷ ಫ್ರಾಂಕಿನವರೆಗೆ. ಮೇಲಿನ ಹಂತದ್ದನ್ನು ನಮ್ಮ ಲೆಕ್ಕಕ್ಕೆ ತಂದರೆ ಆರು ಕೋಟಿ ರೂಪಾಯಿಗೂ ಹೆಚ್ಚು. ಆ ಹಂತದ ಪಾಲುದಾರರು ನೂರರ ಆಸುಪಾಸು. ಅವರಿಗೆ ಹೆಚ್ಚು ಪ್ರತಿನಿಧಿಗಳನ್ನು ಕಳಿಸಲು, ಚರ್ಚೆಯ ವಿಷಯಗಳನ್ನು ರೂಪಿಸುವಲ್ಲಿ ಕೈಜೋಡಿಸಲು ಅವಕಾಶ. ಚಂದಾ ಕೊಟ್ಟರಷ್ಟೇ ಸಾಲದು, ದಾವೋಸ್ ಸಭೆಯ ಪ್ರವೇಶಕ್ಕೆ ತಲೆಗೆ ಬೇರೆ ಶುಲ್ಕವಿದೆ. ರಾಷ್ಟ್ರಗಳ ಮುಖ್ಯಸ್ಥರು, ಮಂತ್ರಿಗಳು, ವಿಶ್ವಸಂಸ್ಥೆಯವರು, ಆಹ್ವಾನ ಪಡೆದ ವಿದ್ವಾಂಸರು, ಸ್ವಯಂಸೇವಾ ಸಂಸ್ಥೆಯವರು ಹಣ ಕೊಡಬೇಕಾಗಿಲ್ಲ. ಅಂದರೆ ಉದ್ಯಮಿ ತೆತ್ತು ಬರುತ್ತಾನೆ, ಅಧಿಕಾರಸ್ಥ ಅತಿಥಿಯಾಗಿ ಬರುತ್ತಾನೆ. ಯಾವ ಸಚಿವಾಲಯದ ಹೊರಗೂ ಕಾಯದೆ ನಾಲ್ಕು ದಿನದಲ್ಲಿ ಹತ್ತಾರು ಸರ್ಕಾರಗಳ ಮುಖ್ಯಸ್ಥರನ್ನು ಮುಖಾಮುಖಿ ಕಾಣಬಹುದು ಎನ್ನುವುದೇ ಆ ಚಂದಾಕ್ಕೆ ಸಿಗುವ ಪ್ರತಿಫಲ. 2011ರಲ್ಲಿ, ಮೇಲಿನ ಹಂತದ ಪಾಲುದಾರರು ಐವರನ್ನು ಕಳಿಸಿದರೆ ಒಬ್ಬರಾದರೂ ಮಹಿಳೆ ಇರಬೇಕು ಎಂಬ ನಿಯಮ ಮಾಡಬೇಕಾಯಿತು. ನಿಯಮ ಮಾಡದೆ ಅಷ್ಟೂ ಆಗುತ್ತಿರಲಿಲ್ಲ.

ಸಭಾಭವನದ ಬಾಗಿಲಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಮುಖಕ್ಕಲ್ಲ, ಎದೆಯ ಮೇಲಿನ ಬ್ಯಾಡ್ಜಿಗೆ. ಬಿಳಿಯದು ಪ್ರತಿನಿಧಿಗಳದು, ಕಿತ್ತಳೆ ಪತ್ರಕರ್ತರದು. ಒಳಗೆ ಸುಮಾರು ಮೂರು ಸಾವಿರ ಪ್ರತಿನಿಧಿಗಳು. ಆ ವಾರ ಊರಿಗೆ ಬಂದ ಉಳಿದವರೆಲ್ಲ ಹೋಟೆಲಿನ ಕೂಟಗಳಲ್ಲಿ, ಬೀದಿಯ ಬಾಡಿಗೆ ಅಂಗಡಿಗಳಲ್ಲಿ. ಒಳಗಿನ ದೊಡ್ಡ ಸಭಾಂಗಣದ ಭಾಷಣಗಳನ್ನು ಇಂದು ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು. ನೋಡಲಾಗದ್ದು ಮೊಗಸಾಲೆಯ ಮಾತು, ಮುಚ್ಚಿದ ಸಣ್ಣ ಕೋಣೆಗಳ ಮಾತುಕತೆ, ರಾತ್ರಿಯ ಊಟದ ಮೇಜು. ದಾವೋಸ್‌ನ ನಿಜವಾದ ವ್ಯವಹಾರ ನಡೆಯುವುದು ಅಲ್ಲೇ.

1992ರ ಸಭೆಯನ್ನು ನೆನೆಯಿರಿ. ಇಪ್ಪತ್ತೇಳು ವರ್ಷದ ಸೆರೆವಾಸ ಮುಗಿಸಿ ಎರಡು ವರ್ಷವಾಗಿದ್ದ ನೆಲ್ಸನ್ ಮಂಡೇಲಾ, ಅಧ್ಯಕ್ಷ ಡಿ ಕ್ಲರ್ಕ್ ಜೊತೆ ದಕ್ಷಿಣ ಆಫ್ರಿಕಾದ ಹೊರಗೆ ಮೊದಲ ಬಾರಿಗೆ ಒಂದೇ ವೇದಿಕೆ ಹತ್ತಿದರು. ಆ ಚಿತ್ರವನ್ನು ಜಗತ್ತು ನೋಡಿತು. ಕಣ್ಣಿಗೆ ಕಾಣದ ಇನ್ನೊಂದು ಸಂಗತಿ ಅದೇ ದಿನಗಳಲ್ಲಿ ನಡೆಯಿತು. ಗಣಿಗಳನ್ನೂ ಬ್ಯಾಂಕುಗಳನ್ನೂ ರಾಷ್ಟ್ರೀಕರಣ ಮಾಡಬೇಕೆಂಬುದು ಮಂಡೇಲಾ ಅವರ ಪಕ್ಷದ ಬಹುಕಾಲದ ನಿಲುವು. ದಾವೋಸ್‌ನಲ್ಲಿ ಉದ್ಯಮಿಗಳು, ಬ್ಯಾಂಕಿನವರು ಅವರೊಡನೆ ವಾದಿಸಿದರು. ಮಂಡೇಲಾ ಅವರ ಮನಸ್ಸನ್ನು ಹೆಚ್ಚು ತಟ್ಟಿದ್ದು ಚೀನಾ, ವಿಯೆಟ್ನಾಂ ದೇಶಗಳ ಕಮ್ಯುನಿಸ್ಟ್ ನಾಯಕರ ಮಾತು ಎಂದು ಆಗ ಅವರ ಜೊತೆಗಿದ್ದವರು ಬರೆದಿದ್ದಾರೆ: ನಾವೇ ಖಾಸಗಿ ಬಂಡವಾಳಕ್ಕೆ ಬಾಗಿಲು ತೆರೆಯುತ್ತಿರುವಾಗ ನೀವೇಕೆ ಮುಚ್ಚುತ್ತೀರಿ ಎಂಬ ಪ್ರಶ್ನೆ. ಮಂಡೇಲಾ ಊರಿಗೆ ಮರಳಿ ಸಂಗಾತಿಗಳಿಗೆ, ರಾಷ್ಟ್ರೀಕರಣ ಹಿಡಿದುಕೊಂಡರೆ ಬಂಡವಾಳ ಬರುವುದಿಲ್ಲ ಎಂದರು. ಆ ನಿಲುವು ಸರಿಯೋ ತಪ್ಪೋ ಎಂದು ದಕ್ಷಿಣ ಆಫ್ರಿಕಾ ಇವತ್ತಿಗೂ ಜಗಳವಾಡುತ್ತಿದೆ. ನನ್ನನ್ನು ಕಾಡುವುದು ಬೇರೆ. ಚಿನ್ನದ ಗಣಿಯ ಆಳದಲ್ಲಿ ದುಡಿಯುವ ಲಕ್ಷಾಂತರ ಜನರ ನಾಳೆಯನ್ನು ತಿರುಗಿಸಿದ ಆ ಮಾತುಕತೆಯ ಮೇಜಿನ ಸುತ್ತ ಒಬ್ಬ ಗಣಿ ಕಾರ್ಮಿಕನಿಗೂ ಕುರ್ಚಿ ಇರಲಿಲ್ಲ. ಅವನು ಸದಸ್ಯನಾಗುವ ದಾರಿಯೂ ಇರಲಿಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳಲೇಬೇಕು. ಬಡ ದೇಶಗಳ ಮಕ್ಕಳಿಗೆ ಲಸಿಕೆ ತಲುಪಿಸುವ ‘ಗಾವಿ’ ಒಕ್ಕೂಟ ಲೋಕಾರ್ಪಣೆಯಾದದ್ದು 2000ದ ಜನವರಿಯಲ್ಲಿ, ಇದೇ ದಾವೋಸ್‌ನಲ್ಲಿ. ಗೇಟ್ಸ್ ಪ್ರತಿಷ್ಠಾನ 75 ಕೋಟಿ ಡಾಲರ್ ಕೊಡುವುದಾಗಿ ಒಪ್ಪಿತ್ತು. ಸರ್ಕಾರಗಳು, ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ಲಸಿಕೆ ತಯಾರಕರು ಒಟ್ಟಿಗೆ ಬಂದರು. ಐದು ರೋಗಗಳನ್ನು ಒಮ್ಮೆಗೇ ತಡೆಯುವ ಪೆಂಟಾವೇಲೆಂಟ್ ಲಸಿಕೆ ಗಾವಿಯ ನೆರವಿನಿಂದ 2011ರ ಕೊನೆಗೆ ಕೇರಳ, ತಮಿಳುನಾಡುಗಳಲ್ಲಿ ಶುರುವಾಗಿ ನಂತರ ಕರ್ನಾಟಕಕ್ಕೂ ಬಂತು. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತಾಯಂದಿರು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹಾಕಿಸುವ ಆ ಚುಚ್ಚುಮದ್ದಿಗೂ ಆ ಹಿಮದ ಊರಿಗೂ ನಂಟಿದೆ. ಇಂಥದ್ದು ನಡೆದಿರುವಾಗ ದಾವೋಸನ್ನು ಬರೀ ಸಿರಿವಂತರ ಜಾತ್ರೆ ಎಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು.

ಹೊರಗಿನವರು ಸುಮ್ಮನೆ ಕೂತಿಲ್ಲ. 2001ರ ಜನವರಿಯಲ್ಲಿ ಬ್ರೆಜಿಲಿನ ಪೋರ್ಟೊ ಅಲೆಗ್ರೆಯಲ್ಲಿ ರೈತರು, ಕಾರ್ಮಿಕರು, ಆದಿವಾಸಿಗಳು ಸೇರಿ ವಿಶ್ವ ಸಾಮಾಜಿಕ ವೇದಿಕೆ ಕಟ್ಟಿದರು. 2004ರಲ್ಲಿ ಅದು ಮುಂಬೈಗೂ ಬಂತು. 2019ರಲ್ಲಿ ಹದಿನಾರರ ಹುಡುಗಿ ಗ್ರೇಟಾ ಥುನ್‌ಬರ್ಗ್ ಸ್ವೀಡನ್ನಿನಿಂದ ಮೂವತ್ತೆರಡು ಗಂಟೆ ರೈಲಿನಲ್ಲಿ ಬಂದು, ವಿಜ್ಞಾನಿಗಳ ಜೊತೆ ಹಿಮದ ಮೇಲೆ ಡೇರೆಯಲ್ಲಿ ಮಲಗಿದಳು. ಖಾಸಗಿ ವಿಮಾನಗಳಲ್ಲಿ ಬಂದವರಿಗೆ ಭೂಮಿಯ ಸ್ಥಿತಿಯನ್ನು ನೇರ ಮುಖಕ್ಕೆ ಹೇಳಿದಳು. ದಾವೋಸ್ ನಿವಾಸಿಗಳಿಗಾದರೂ ಒಂದು ಹಕ್ಕಿದೆ. ಭದ್ರತೆಗೆ ಊರು ಕೊಡುವ ಪಾಲನ್ನು ಹೆಚ್ಚಿಸಬೇಕೇ ಎಂದು ಅದೇ ವರ್ಷ ಅಲ್ಲಿ ಮತದಾನವಾಯಿತು, ಜನ ಒಪ್ಪಿದರು. ಬೇಕರಿಯವನೂ ಹೋಟೆಲಿನ ಪರಿಚಾರಿಕೆಯೂ ಚೀಟಿ ಹಾಕಿ ತೀರ್ಮಾನಿಸುವ ಕ್ರಮ ಆ ಊರಿನದು. ಜಗತ್ತಿನ ಬಗ್ಗೆ ತೀರ್ಮಾನಿಸುವ ಮನೆಯೊಳಗೆ ಅಂಥ ಚೀಟಿ ಇಲ್ಲ.

ನಮ್ಮವರು ಅಲ್ಲಿಗೆ ಹೋಗಿಬಂದ ಕಥೆಯೂ ಹಳೆಯದೇ. ಹೊಳೆನರಸೀಪುರದ ಮಣ್ಣಿನಿಂದ ಬಂದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿ 1997ರಲ್ಲಿ ದಾವೋಸ್‌ಗೆ ಹೋಗಿದ್ದರು. ಮತ್ತೊಬ್ಬ ಭಾರತದ ಪ್ರಧಾನಿ ಅಲ್ಲಿಗೆ ಹೋದದ್ದು ಇಪ್ಪತ್ತೊಂದು ವರ್ಷದ ಮೇಲೆ, 2018ರಲ್ಲಿ. ಬೆಂಗಳೂರಿನ ಐಟಿ ಕಂಪನಿಗಳು ಅಲ್ಲಿ ಬಹುಕಾಲದಿಂದ ಪರಿಚಿತ ಮುಖಗಳು. ಯಡಿಯೂರಪ್ಪನವರು 2020ರಲ್ಲಿ, ಬಸವರಾಜ ಬೊಮ್ಮಾಯಿಯವರು 2022ರ ಮೇ ತಿಂಗಳಲ್ಲಿ ಮುಖ್ಯಮಂತ್ರಿಗಳಾಗಿ ಹೋದರು. ಕೋವಿಡ್ಡಿನಿಂದಾಗಿ ಆ ವರ್ಷ ಸಭೆ ಹಿಮವಿಲ್ಲದ ಬೇಸಿಗೆಯ ಬಾಗಿಲಿಗೆ ಸರಿದಿತ್ತು. ಹೋದಾಗಲೆಲ್ಲ ಒಪ್ಪಂದಗಳ ಸುದ್ದಿ, ಸಾವಿರ ಕೋಟಿಗಳ ಲೆಕ್ಕ. 2025ರಲ್ಲಿ ಮಹಾರಾಷ್ಟ್ರ 15 ಲಕ್ಷ ಕೋಟಿ ರೂಪಾಯಿಗೂ ಮೇಲ್ಪಟ್ಟ ಒಡಂಬಡಿಕೆಗಳಿಗೆ ಸಹಿ ಹಾಕಿತು. ಅದರಲ್ಲಿ ದೊಡ್ಡ ಮೊತ್ತಗಳು ಮುಂಬೈಯಲ್ಲೇ ಕಚೇರಿ ಇರುವ ರಿಲಯನ್ಸ್, ಜೆಎಸ್‌ಡಬ್ಲ್ಯು ಕಂಪನಿಗಳವು. ಮುಂಬೈಯ ಸರ್ಕಾರ ಮುಂಬೈಯ ಕಂಪನಿಯೊಡನೆ ಆಲ್ಪ್ಸ್ ಪರ್ವತದ ಮೇಲೆ ಸಹಿ ಹಾಕುವುದರಿಂದ ಪ್ರಚಾರ ಸಿಗುತ್ತದೆ. ಅದಕ್ಕಿಂತ ಹೆಚ್ಚಿನದು ಏನು ಸಿಗುತ್ತದೆಂದು ನನಗೆ ಕಾಣದು. ಇಂಥ ಒಡಂಬಡಿಕೆ ಬರೀ ಉದ್ದೇಶದ ಪತ್ರ, ಯಾರನ್ನೂ ಕಟ್ಟಿಹಾಕುವುದಿಲ್ಲ. ಭೂಮಿ, ನೀರು, ವಿದ್ಯುತ್ತು, ರೈತರ ಒಪ್ಪಿಗೆ ಎಲ್ಲ ಆಮೇಲೆ, ಇಲ್ಲಿಯೇ ತೀರ್ಮಾನವಾಗಬೇಕು.

2025ರ ಏಪ್ರಿಲ್‌ನಲ್ಲಿ ಕ್ಲಾಸ್ ಶ್ವಾಬ್ ಐವತ್ತಕ್ಕೂ ಹೆಚ್ಚು ವರ್ಷ ಕಟ್ಟಿ ನಡೆಸಿದ ಸಂಸ್ಥೆಯಿಂದ ಕೆಳಗಿಳಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಜಗತ್ತಿನ ಅತಿ ದೊಡ್ಡ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ರಾಕ್‌ನ ಲ್ಯಾರಿ ಫಿಂಕ್, ರೋಶ್ ಔಷಧಿ ಕಂಪನಿಯ ಆಂಡ್ರೆ ಹಾಫ್‌ಮನ್ ತಾತ್ಕಾಲಿಕ ಸಹ ಅಧ್ಯಕ್ಷರಾದರು. ಕಟ್ಟಿದ ಪ್ರಾಧ್ಯಾಪಕ ಹೋದ ಮೇಲೆ ಸಾರಥ್ಯ ಸದಸ್ಯ ಕಂಪನಿಗಳ ಕೈಗೇ ಬಂದಂತಾಯಿತು.

ನಮ್ಮ ನಾಯಕರು ಅಲ್ಲಿಗೆ ಹೋಗಬಾರದೆಂದು ನಾನು ಹೇಳಲಾರೆ. ಜಗತ್ತು ಮಾತಾಡುವಲ್ಲಿ ಕರ್ನಾಟಕದ ದನಿಯೂ ಇರಲಿ. ಆದರೆ ಅವರು ಹೋಗುವುದು ನಮ್ಮ ತೆರಿಗೆಯ ಹಣದಲ್ಲಿ, ಕೂರುವುದು ನಮ್ಮ ಪರವಾಗಿ. ಮುಂದಿನ ಬಾರಿ ಸಚಿವರ ನಿಯೋಗ ದಾವೋಸ್‌ಗೆ ಹೊರಟಾಗ ನಿಮ್ಮ ಕ್ಷೇತ್ರದ ಶಾಸಕರಿಗೆ ಒಂದು ಕಾಗದ ಬರೆಯಿರಿ: ಹಿಂದೆ ಅಲ್ಲಿ ಸಹಿಯಾದ ಒಪ್ಪಂದಗಳಲ್ಲಿ ಎಷ್ಟು ಕಾರ್ಖಾನೆಗಳಾದವು, ಯಾವ ಜಿಲ್ಲೆಯಲ್ಲಿ ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಮುಚ್ಚಿದ ಕೋಣೆಯಲ್ಲಿ ಯಾರನ್ನು ಕಂಡು ಏನು ಮಾತು ಕೊಟ್ಟು ಬಂದರು, ಇವನ್ನೆಲ್ಲ ವಿಧಾನಸಭೆಯಲ್ಲಿ ಕೇಳಿ ಉತ್ತರವನ್ನು ಕಡತಕ್ಕೆ ಸೇರಿಸಲಿ.